ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಒಕ್ಕಲು

2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ ನಿಲ್ಲಿಸಿ ಎಳ್ಳುನೀರು ಬಿಟ್ಟಿತು. 2015ರಲ್ಲಿ ಇದನ್ನು ಬಿಡುಗಡೆ ಮಾಡುವಾಗ, ಇದೇ ಕೊನೆಯ ವಿಂಡೋಸ್ ಎಂದು ಅದೇ ಕಂಪನಿಯ ಉದ್ಯೋಗಿಯೊಬ್ಬರು ವೇದಿಕೆಯ ಮೇಲೆ ಹೇಳಿದ್ದರು. ಆ ಮಾತು ಆರು ವರ್ಷ ಬಾಳಿತು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು; ಬರುವಾಗಲೇ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಟ್ಟಿಯನ್ನೂ ಹಿಡಿದುಕೊಂಡು ಬಂತು.

ನನ್ನ ಲ್ಯಾಪ್‌ಟಾಪ್ 2017ರದ್ದು. ಇಂಟೆಲ್‌ನ ಏಳನೇ ತಲೆಮಾರಿನ ಐ5 ಪ್ರೊಸೆಸರ್, ಜೊತೆಗೆ ಎನ್‌ವಿಡಿಯಾ 940ಎಂಎಕ್ಸ್ ಗ್ರಾಫಿಕ್ಸ್. ಅರ್ಹತೆ ಪರೀಕ್ಷಿಸುವ ತಂತ್ರಾಂಶವನ್ನು ಓಡಿಸಿ ನೋಡಿದೆ. ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಚಿಪ್) ಇದೆ, ಹಸಿರು ಗುರುತು. ಸೆಕ್ಯೂರ್ ಬೂಟ್ (ಚಾಲೂ ಆಗುವಾಗ ನಂಬಿಕಸ್ಥ ತಂತ್ರಾಂಶವನ್ನಷ್ಟೇ ಬಿಡುವ ಕಾವಲು) ಇದೆ, ಹಸಿರು ಗುರುತು. ಮೆಮೊರಿ, ಡಿಸ್ಕಿನ ಜಾಗ ಎಲ್ಲ ಸರಿ. ಪ್ರೊಸೆಸರ್ ಮಾತ್ರ ಕೆಂಪು. ಎಂಟನೇ ತಲೆಮಾರಿನಿಂದ ಮೇಲಿನವರಿಗಷ್ಟೇ ಪ್ರವೇಶ. ಆದರೆ ಮೈಕ್ರೊಸಾಫ್ಟ್ ತಾನೇ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೊ 2 ಯಂತ್ರದಲ್ಲಿದ್ದ ಏಳನೇ ತಲೆಮಾರಿನ ಐ7ಗೆ ವಿನಾಯಿತಿ ಉಂಟು! ಈ ವಿವರ ಓದಿದ ಮೇಲೆ ಸುರಕ್ಷತೆಯ ಕುರಿತ ಅವರ ಉಪದೇಶದ ಮೇಲೆ ನನಗಿದ್ದ ಗೌರವ ಸ್ವಲ್ಪ ಇಳಿದದ್ದು ನಿಜ.

ಮುಂದಿನ ದಾರಿಗಳನ್ನು ತೂಗಿ ನೋಡಿದೆ. ವರ್ಷದ ಮಟ್ಟಿಗೆ, ಅಂದರೆ 2026ರ ಅಕ್ಟೋಬರ್‌ವರೆಗೆ, ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯುವ ವ್ಯವಸ್ಥೆ ಇದೆ. ಮೂವತ್ತು ಡಾಲರ್ ಕೊಡಬಹುದು, ಇಲ್ಲವೇ ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಕಳಿಸಲು ಒಪ್ಪಿ ಪುಕ್ಕಟೆ ಪಡೆಯಬಹುದು. ಇದು ನೋಟಿಸ್ ಅವಧಿಯ ವಿಸ್ತರಣೆ, ಅಷ್ಟೇ. ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಅರ್ಹತೆಯ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹಾಗೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದವರಿಗೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯನ್ನು ಯಾರೂ ಕೊಡುವುದಿಲ್ಲ. ಮೂರನೆಯದು ಹೊಸ ಲ್ಯಾಪ್‌ಟಾಪ್ ಕೊಳ್ಳುವುದು. ಗ್ಯಾಜೆಟ್ ಸುದ್ದಿಗಳನ್ನು ದಿನವೂ ಮೇಯುವ ನನ್ನಂಥವನಿಗೆ ಇದಕ್ಕಿಂತ ಚೆಂದದ ನೆಪ ಸಿಗುವುದಿಲ್ಲ. ಆದರೆ ಅದೇ ಸುದ್ದಿಗಳೇ ನನ್ನ ಕೈ ಕಟ್ಟಿ ಹಾಕಿದವು.

ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲನ್ನು ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಬೇಕಾದ ದುಬಾರಿ ಮೆಮೊರಿಯಲ್ಲಿ ಲಾಭ ಹೆಚ್ಚು. ಹಾಗಾಗಿ ಕಾರ್ಖಾನೆಗಳೆಲ್ಲ ಅತ್ತ ಮುಖ ಮಾಡಿವೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್, ಗ್ರಾಹಕರಿಗೆ ನೇರವಾಗಿ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಘೋಷಿಸಿತು. ಕಂಪ್ಯೂಟರ್ ಜೋಡಿಸುವ ಹವ್ಯಾಸವಿರುವವರಿಗೆ ಕ್ರೂಷಿಯಲ್ ಎಂದರೆ ಮನೆಮಾತು. ಯಂತ್ರಗಳಿಗೆ ಚಿತ್ರ ಬಿಡಿಸಲು ಕಲಿಸುವ ಭರದಲ್ಲಿ ಮನುಷ್ಯರಿಗೆ ಮಾರುವ ಅಂಗಡಿಯ ಬಾಗಿಲು ಹಾಕುತ್ತಾರೆ ಎಂದರೆ ಏನು ಹೇಳುವುದು? ಇಂಥ ಹೊತ್ತಿನಲ್ಲಿ ಹೊಸ ಲ್ಯಾಪ್‌ಟಾಪ್ ಕೊಳ್ಳುವುದು ಯಾರದೋ ಡೇಟಾ ಸೆಂಟರ್‌ಗೆ ಚಂದಾ ಕೊಟ್ಟಂತೆಯೇ ಅನ್ನಿಸಿತು.

ಹಾಗಾಗಿ ನಾಲ್ಕನೆಯ ದಾರಿ: ಇದ್ದ ಯಂತ್ರವನ್ನೇ ಬಿಚ್ಚಿ, ಶುಚಿ ಮಾಡಿ, ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಹಾಕಿ, ವಿಂಡೋಸನ್ನು ಒಕ್ಕಲೆಬ್ಬಿಸಿ, ಅದರ ಜಾಗಕ್ಕೆ ಉಚಿತವೂ ಮುಕ್ತವೂ ಆದ ಲಿನಕ್ಸನ್ನು ಕೂರಿಸುವುದು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗುವುದೆಂದರೆ ನನಗೆ ಈಗಲೂ ಜಾತ್ರೆಯ ಹುರುಪು. ಎಸ್‌ಪಿ ರೋಡ್ ಎಂದರೆ ಆಟೊದವರಿಗೆ ಬೇಗ ತಿಳಿಯುತ್ತದೆ. ಕೇಬಲ್ ಸುರುಳಿಗಳು, ಕೀಬೋರ್ಡ್ ರಾಶಿಗಳು, ಮೊಣಕಾಲೆತ್ತರದ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕು. ಅಂಗಡಿಯವರು ಲ್ಯಾಪ್‌ಟಾಪ್ ಮಾದರಿಯ ಹೆಸರು ಕೇಳಿಯೇ ಒಳಗೆ ಯಾವ ಡಿಸ್ಕ್ ಹಿಡಿಯುತ್ತದೆ ಎಂದು ಹೇಳಿಬಿಡುತ್ತಾರೆ. ನನಗೆ ಬೇಕಿದ್ದದ್ದು ಎರಡೂವರೆ ಇಂಚಿನ, ಏಳು ಮಿಲಿಮೀಟರ್ ದಪ್ಪದ, ಸಾಟಾ ಕನೆಕ್ಟರಿನ 500 ಜಿಬಿ ಎಸ್‌ಎಸ್‌ಡಿ, ಮತ್ತು ಡಿಡಿಆರ್4 ಮಾದರಿಯ 8 ಜಿಬಿ ರ‍್ಯಾಮ್ ಒಂದು.

"ರ‍್ಯಾಮ್ ಇವತ್ತೇ ತಗೊಂಡು ಹೋಗಿ ಸರ್. ಚಿನ್ನದ ಥರ ಆಗಿದೆ, ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇರುವುದಿಲ್ಲ" ಎಂದರು ಅಂಗಡಿಯವರು. ಇದು ಮಾರುವವರ ಮಾಮೂಲು ಮಾತು ಎಂದುಕೊಂಡು ಪಕ್ಕದ ಸಾಲಿನಲ್ಲಿ ವಿಚಾರಿಸಿದೆ. ಅಲ್ಲಿ ಇನ್ನೂ ಹೆಚ್ಚು. ಕೊನೆಗೆ ಕೆಟ್ಟ ಲ್ಯಾಪ್‌ಟಾಪೊಂದರಿಂದ ತೆಗೆದಿದ್ದ ಹಳೆಯ ರ‍್ಯಾಮ್ ಅನ್ನು, ಕೆಲಸ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳಬೇಕು ಎಂಬ ಕರಾರಿನ ಮೇಲೆ, ಮೊದಲಿನ ಅಂಗಡಿಯಲ್ಲೇ ಕೊಂಡೆ. ರ‍್ಯಾಮ್‌ನಲ್ಲಿ ಸವೆಯುವ ಭಾಗಗಳಿಲ್ಲ. ಹಳೆಯದಾದರೂ ಪರೀಕ್ಷೆಯಲ್ಲಿ ಪಾಸಾದರೆ ಸಾಕು. ಎಸ್‌ಎಸ್‌ಡಿಯ ಮಾತು ಬೇರೆ. ಅದರ ಕೋಶಗಳಿಗೆ ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿ ಇದೆ. ಅದನ್ನು ಮಾತ್ರ ಹೊಸದೇ, ರಸೀದಿ ಸಮೇತವೇ ಕೊಳ್ಳಬೇಕು.

ಬಿಚ್ಚುವ ಕೆಲಸಕ್ಕೆ ಭಾನುವಾರ ಬೆಳಿಗ್ಗೆ ಕುಳಿತೆ. ರಟ್ಟಿನ ಮೇಲೆ ಲ್ಯಾಪ್‌ಟಾಪ್ ತಳದ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲಿಯೇ ಚುಚ್ಚಿಡುವುದು ನನ್ನ ಪದ್ಧತಿ. ಮುಂಭಾಗದ ಸ್ಕ್ರೂಗಳು ಗಿಡ್ಡ, ತಿರುಗಣಿಯ ಹತ್ತಿರದವು ಉದ್ದ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ತಿರುಪಿದರೆ ಮೇಲಿನ ಪ್ಲಾಸ್ಟಿಕ್ಕಿಗೆ ಮೊಡವೆ ಏಳುತ್ತದೆ. ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದರೂ ತಳ ಜಪ್ಪಯ್ಯ ಎನ್ನಲಿಲ್ಲ. ಹಿಂದಿನ ರಬ್ಬರ್ ಪಾದಗಳನ್ನು ಉಗುರಿನಿಂದ ಎಬ್ಬಿಸಿದಾಗ ಅಡಿಯಲ್ಲಿ ಇನ್ನೆರಡು ಅವಿತು ಕುಳಿತಿದ್ದವು. ತಯಾರಕರಿಗೆ ಗ್ರಾಹಕ ತನ್ನ ಸ್ವಂತ ವಸ್ತುವಿನ ಒಳಗೆ ಇಣುಕುವುದೇಕೆ ಇಷ್ಟು ಕಸಿವಿಸಿಯೋ ತಿಳಿಯದು. ಆಮೇಲೆ ಅವಧಿ ಮುಗಿದ ಎಟಿಎಂ ಕಾರ್ಡೊಂದನ್ನು ಅಂಚಿನ ಸಂದಿಗೆ ತೂರಿಸಿ ಮೆಲ್ಲಗೆ ಎಳೆಯುತ್ತ ಹೋದೆ. ಕಟಕ್ ಕಟಕ್ ಎಂದು ಕೊಂಡಿಗಳು ಒಂದೊಂದಾಗಿ ಬಿಟ್ಟವು. ಮೊದಲ ಸಲ ಕೇಳುವವರಿಗೆ ಏನೋ ಮುರಿಯಿತು ಎಂದೇ ಭಾಸವಾಗುವ ಸದ್ದು ಅದು.

ಒಳಗೆ ಹೋದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಉಳಿದದ್ದೆಲ್ಲ ಆಮೇಲೆ. ಬ್ಯಾಟರಿ ಉಬ್ಬಿದೆಯೇ ಎಂದೂ ಆಗಲೇ ನೋಡಿಕೊಳ್ಳಬೇಕು. ಉಬ್ಬಿದ್ದರೆ ಬೇರೆ ಕೆಲಸಗಳನ್ನು ಬದಿಗಿಟ್ಟು ಮೊದಲು ಅದನ್ನು ಸಾಗಹಾಕಬೇಕು. ನನ್ನದು ಸಪಾಟಾಗಿಯೇ ಇತ್ತು. ಫ್ಯಾನಿನ ಗಾಳಿ ಹೊರಹೋಗುವ ತಾಮ್ರದ ರೆಕ್ಕೆಗಳ ಬಾಯಿಗೆ ಮಾತ್ರ ಬೂದು ಬಣ್ಣದ ಧೂಳು ದಪ್ಪಗೆ ಹೆಪ್ಪುಗಟ್ಟಿ, ಚಿಮಟದಲ್ಲಿ ಹಿಡಿದು ಎಳೆದರೆ ಅಖಂಡವಾಗಿ ಎದ್ದು ಬಂತು. ಇಷ್ಟು ವರ್ಷ ಈ ಬಡಪಾಯಿ ಬಾಯಿಗೆ ಬಟ್ಟೆ ತುರುಕಿಸಿಕೊಂಡೇ ಉಸಿರಾಡುತ್ತಿತ್ತು! ಬಿಸಿಯಾಗುತ್ತದೆ, ನಿಧಾನವಾಗಿದೆ, ವಯಸ್ಸಾಯಿತು ಎಂದೆಲ್ಲ ನಾವು ದೂರುವ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧಕ್ಕರ್ಧ ಈ ಧೂಳಿನ ಕಾರುಬಾರೇ ಇರುತ್ತದೆ ಎಂಬುದು ನನ್ನ ಗುಮಾನಿ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚೂರಿನಂತಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಹೊಸದನ್ನು ಬಟಾಣಿಗಿಂತ ಸಣ್ಣದಾಗಿ ಇಟ್ಟೆ. ಹಳೆಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುವ ಜಾತಿಯದು. ಸೆಕೆಂಡಿಗೆ ಸುಮಾರು ನೂರು ಎಂಬಿ ಓದಿದರೆ ಹೆಚ್ಚು. ಸಾಟಾ ಎಸ್‌ಎಸ್‌ಡಿ ಅದರ ಐದು ಪಟ್ಟು ಓದುತ್ತದೆ. ಆದರೆ ನಮಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದು ಇದರಿಂದಲ್ಲ. ಚಿಕ್ಕ ಚಿಕ್ಕ ಫೈಲುಗಳಿಗಾಗಿ ಡಿಸ್ಕಿನ ಮೇಲೆ ಮುಳ್ಳು ಅತ್ತಿತ್ತ ಓಡಾಡುವ ಕಾಲಹರಣವೇ ಇಲ್ಲವಾಗುತ್ತದೆ; ಆ ಕಾರಣಕ್ಕೆ ಬರುತ್ತದೆ.

ಮುಚ್ಚುವ ಮೊದಲೇ ಚಾಲೂ ಮಾಡಿ, ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ಸಾಧನದಿಂದ ರ‍್ಯಾಮ್ ಪರೀಕ್ಷೆಗಿಟ್ಟು ಊಟಕ್ಕೆ ಎದ್ದೆ. ದೋಷವೇನೂ ಸಿಗಲಿಲ್ಲ. ಕರಾರು ಬೇಕಾಗಲಿಲ್ಲ.

ಲಿನಕ್ಸಿನಲ್ಲಿ ಹಲವು ಬಗೆ; ಯಾವುದು ಎಂಬ ಪ್ರಶ್ನೆಗೆ ಮತಾಂತರದ ಉತ್ಸಾಹದಿಂದ ಉತ್ತರಿಸುವವರಿದ್ದಾರೆ. ನಾನು ಆಯ್ದುಕೊಂಡದ್ದು ಲಿನಕ್ಸ್ ಮಿಂಟ್ 22, ಸಿನಮನ್ ಆವೃತ್ತಿ. ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಬೆಂಬಲ ಇದೆ, ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು. ವಿಂಡೋಸ್ ಬಳಸಿದವರು ತಬ್ಬಿಬ್ಬಾಗುವುದಿಲ್ಲ. ಸುಮಾರು 3 ಜಿಬಿಯ ಫೈಲ್ ಇಳಿಸಿಕೊಂಡು, ಫೈಲ್ ಬದಲಾಗಿಲ್ಲವೆಂದು ತೋರಿಸುವ ಚೆಕ್‌ಸಮ್ ಸಂಖ್ಯೆಯನ್ನು ತಾಳೆ ನೋಡಿ, ಪೆನ್ ಡ್ರೈವ್‌ಗೆ ಬರೆದೆ. ತಾಳೆ ನೋಡುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 2016ರ ಫೆಬ್ರವರಿಯಲ್ಲಿ ಇದೇ ಮಿಂಟ್‌ನ ಜಾಲತಾಣಕ್ಕೆ ಕನ್ನ ಹಾಕಿದ ಕಳ್ಳರು, ವಿಷ ಬೆರೆಸಿದ ಆವೃತ್ತಿಯತ್ತ ಜನರನ್ನು ತಿರುಗಿಸಿದ್ದರು. ಎರಡು ನಿಮಿಷದ ಕೆಲಸಕ್ಕೆ ಸೋಮಾರಿತನ ಬೇಡ.

ಪೆನ್ ಡ್ರೈವ್‌ನಿಂದಲೇ ಓಡಿಸಿ ನೋಡುವ ಅನುಕೂಲ ಲಿನಕ್ಸಿನ ದೊಡ್ಡ ಗುಣ. ಡಿಸ್ಕಿಗೆ ಕೈ ಹಚ್ಚುವ ಮೊದಲೇ ಪರದೆ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್ ಎಲ್ಲ ಸರಿಯಿವೆಯೇ ಎಂದು ಪರೀಕ್ಷಿಸಬಹುದು. ಎಲ್ಲವೂ ಸರಿಯಿತ್ತು, ವೈಫೈ ಬಿಟ್ಟು. ಆ ಚಿಪ್ ತಯಾರಿಸಿದವರ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಬೇಕು, ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಇದಕ್ಕೆ ಮದ್ದು ಸುಲಭ: ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ, ಲಿನಕ್ಸ್ ಅದನ್ನು ತಂತಿಯ ನೆಟ್‌ವರ್ಕ್ ಎಂದೇ ಸ್ವೀಕರಿಸುತ್ತದೆ. ಅನುಸ್ಥಾಪನೆ ಮುಗಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ವೈಫೈ, ಎನ್‌ವಿಡಿಯಾ ಎರಡನ್ನೂ ಹಾಕಿಕೊಂಡೆ. ನಡುವೆ ಕಾಲವಲಯ ಕೇಳುವ ಭೂಪಟದಲ್ಲಿ ಬೆಂಗಳೂರಿನ ಮೇಲೆಯೇ ಒತ್ತಿದರೂ ಅದು ಕೋಲ್ಕತ್ತ ಎಂದೇ ತೋರಿಸುತ್ತದೆ. ವಾದ ಮಾಡಿ ಪ್ರಯೋಜನವಿಲ್ಲ, ಗಡಿಯಾರ ಒಂದೇ.

ಕನ್ನಡದ ವಿಷಯಕ್ಕೆ ಬರೋಣ. ಇದರಲ್ಲಿ ಸೋತರೆ ಉಳಿದದ್ದೆಲ್ಲ ನನಗೆ ವ್ಯರ್ಥ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಕಚೇರಿಗಳಿಗೆಲ್ಲ ಹಬ್ಬಿದ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಒಗ್ಗಿಹೋಗಿದೆ. ಎಫ್ ಒತ್ತಿದರೆ ಒತ್ತಕ್ಷರ ಮೂಡಲೇಬೇಕು. ಟೈಪಿಂಗ್ ನೋಡಿಕೊಳ್ಳುವ ಐಬಸ್ ಎಂಬ ಚೌಕಟ್ಟಿಗೆ ಎಂ17ಎನ್ ಎಂಬ ಕೀಲಿಮಣೆ ಸಂಗ್ರಹವನ್ನು ಸೇರಿಸಿಕೊಂಡರೆ ಕನ್ನಡದ ಕೆಳಗೆ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್‌ಗಳ ಸಾಲಿನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಈ ವಿನ್ಯಾಸವೂ ಸಿಗುತ್ತದೆ. ನೋಟೊ, ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳೂ ಅಲ್ಲೇ ಇವೆ. "ರಾಷ್ಟ್ರೀಯ", "ಸ್ವಾತಂತ್ರ್ಯ" ಎಂದು ಬರೆದು ನೋಡಿದೆ. ಒತ್ತಿನ ಕೆಳಗೊಂದು ಒತ್ತು ಸರಿಯಾಗಿ ಕೂತಿತು. ಹತ್ತು ಹದಿನೈದು ವರ್ಷಗಳ ಹಿಂದೆ ಲಿನಕ್ಸಿನಲ್ಲಿ ಕನ್ನಡದ ಅಕ್ಷರಗಳು ಚಲ್ಲಾಪಿಲ್ಲಿಯಾಗಿ ಬಿದ್ದಿರುತ್ತಿದ್ದುದನ್ನು ಕಂಡವನಿಗೆ ಇದು ಸಣ್ಣ ಸಂಗತಿಯಲ್ಲ.

ತೊಡಕಾದದ್ದು ಅಮ್ಮನ ಹಾಡುಗಳಲ್ಲಿ. ಹಸೆಗೆ ಕರೆಯುವ ಹಾಡು, ಎಣ್ಣೆಶಾಸ್ತ್ರದ ಹಾಡು ಎಂದು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದನ್ನು ಅಮ್ಮ ವರ್ಷಗಳ ಹಿಂದೆ ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಅದು ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರಸಂಕೇತ) ಅಲ್ಲದ ಹಳೆಯ ನುಡಿ ಅಕ್ಷರಶೈಲಿಯದು. ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕಿ, ಟೊಪ್ಪಿಗೆ, ಅಂಕುಡೊಂಕು ಗೆರೆ ಹೊತ್ತ ರೋಮನ್ ಅಕ್ಷರಗಳ ಮೆರವಣಿಗೆ. ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡವೆಂಬುದೇ ತಿಳಿಯುತ್ತಿರಲಿಲ್ಲ. ರೋಮನ್ ಸಂಕೇತಗಳಿಗೆ ಕನ್ನಡದ ಚಿತ್ರ ಹೊದಿಸಿರುತ್ತಿದ್ದರು, ಅಕ್ಷರಶೈಲಿ ಕಿತ್ತರೆ ಬಣ್ಣ ಬಯಲು. ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಅವುಗಳ ನಿಜವಾದ ಅಗ್ನಿಪರೀಕ್ಷೆ ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ದಾಖಲಾಗಿರುತ್ತದೆ; ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ರಕಾರವೇ ಮೊದಲು. ಪರಿವರ್ತಕ ಬಹುಪಾಲು ಸರಿಯಾಗಿಯೇ ಹಿಂದುಮುಂದು ಮಾಡಿತು. ಡಿಟಿಪಿಯವರು ಚೆಂದ ಕಾಣಲೆಂದು ನಡುವೆ ಖಾಲಿ ಜಾಗ ತುರುಕಿದ್ದ ಕಡೆಗಳಲ್ಲಿ ಮಾತ್ರ ಎಡವಿತು. ಅಮ್ಮನಿಗೆ ಫೋನ್ ಹಚ್ಚಿ ಸಾಲು ಸಾಲಾಗಿ ಓದಿದೆ. ಆಕೆ ತಪ್ಪು ತಿದ್ದುವುದರ ಜೊತೆಗೆ ಅಂಗಡಿಯವನು ಆಗಲೇ ನುಂಗಿದ್ದ ಚರಣವೊಂದನ್ನೂ ಹಾಡಿ ಸೇರಿಸಿದರು.

ಇನ್ನು ಆಟ. ಪದವಿಪೂರ್ವ ಓದುತ್ತಿರುವ ಅಕ್ಕನ ಮಗ ಬಂದವನೇ ಕೇಳಿದ ಮೊದಲ ಪ್ರಶ್ನೆ: "ಮಾಮ, ಇದರಲ್ಲಿ ವ್ಯಾಲೊರಂಟ್ ಬರುತ್ತದಾ?"

"ಇಲ್ಲ."

"ಮತ್ತೆ ಯಾಕೆ ಇಷ್ಟೆಲ್ಲ ಒದ್ದಾಡಿದಿರಿ?"

ನ್ಯಾಯವಾದ ಪ್ರಶ್ನೆಯೇ. ವ್ಯಾಲೊರಂಟ್‌ನ ಕಾವಲುಗಾರ ವ್ಯಾನ್‌ಗಾರ್ಡ್ ಕಂಪ್ಯೂಟರ್ ಎದ್ದ ಕ್ಷಣದಿಂದ ವಿಂಡೋಸ್‌ನ ತಿರುಳಾದ ಕರ್ನಲ್ ಮಟ್ಟದಲ್ಲಿ ಕೂತು ಮೋಸಗಾರರನ್ನು ಹಿಡಿಯುತ್ತಾನೆ. ಲಿನಕ್ಸಿನಲ್ಲಿ ಅವನಿಗೆ ಆ ಅಧಿಕಾರ ಇಲ್ಲ, ಹಾಗಾಗಿ ಆಟವೂ ಇಲ್ಲ. ಲೀಗ್ ಆಫ್ ಲೆಜೆಂಡ್ಸ್ ಮೊದಲು ಹೇಗೋ ಓಡುತ್ತಿತ್ತು. 2024ರಲ್ಲಿ ಅದಕ್ಕೂ ವ್ಯಾನ್‌ಗಾರ್ಡ್ ಬಂದು ದಾರಿ ಮುಚ್ಚಿತು. ಅದೇ ವರ್ಷ ಎಪೆಕ್ಸ್ ಲೆಜೆಂಡ್ಸ್ ಕೂಡ ಲಿನಕ್ಸ್ ಆಟಗಾರರನ್ನು ಹೊರಗಿಟ್ಟಿತು. ಒಂದು ಆಟಕ್ಕಾಗಿ ಕಂಪ್ಯೂಟರಿನ ಗರ್ಭಗುಡಿಯ ಕೀಲಿ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಗೆಳೆಯರೆಲ್ಲ ಸಂಜೆ ಅಲ್ಲೇ ಸೇರುವ ಹದಿನೇಳರ ಹುಡುಗನಿಗೆ ಈ ವೇದಾಂತ ಹೇಳುವ ಧೈರ್ಯವೂ ನನಗಿಲ್ಲ. (ಅವನ ಅಜ್ಜಿಗಂತೂ ಆನ್‌ಲೈನ್ ಆಟವೆಂದರೆಲ್ಲ ರಮ್ಮಿಯೇ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಸಂಸತ್ತು ನಿಷೇಧಿಸಿದಾಗ, "ಇವನದ್ದು ಯಾವಾಗ ನಿಲ್ಲಿಸುತ್ತಾರೆ?" ಎಂದು ಕೇಳಿದ್ದರು.)

ಒಬ್ಬರೇ ಆಡುವ ಆಟಗಳ ಲೋಕ ಮಾತ್ರ ಪೂರ್ತಿ ಬದಲಾಗಿದೆ. 2018ರಲ್ಲಿ, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಪ್ರೋಟಾನ್ ಎಂಬ ಪದರವನ್ನು ಬಿಡುಗಡೆ ಮಾಡಿತು. ವಿಂಡೋಸ್‌ಗೆ ಬರೆದ ಆಟದ ಕೋರಿಕೆಗಳನ್ನು ಆಗಿಂದಾಗಲೇ ಲಿನಕ್ಸಿಗೆ ತಿಳಿಯುವಂತೆ ಒಪ್ಪಿಸುವುದು ಅದರ ಕೆಲಸ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ಇದರ ಮೇಲೆಯೇ ನಿಂತಿದೆ. 2025ರ ಅಕ್ಟೋಬರ್‌ನಲ್ಲಿ, ಅಂದರೆ ವಿಂಡೋಸ್ 10 ತೀರಿಕೊಂಡ ತಿಂಗಳೇ, ಸ್ಟೀಮ್ ಬಳಕೆದಾರರ ಸಮೀಕ್ಷೆಯಲ್ಲಿ ಲಿನಕ್ಸಿನ ಪಾಲು ಮೊದಲ ಬಾರಿಗೆ ಶೇ 3 ದಾಟಿತು. ನವೆಂಬರ್‌ನಲ್ಲಿ ವಾಲ್ವ್ ಟಿವಿಯ ಪಕ್ಕದಲ್ಲಿಡುವ ಸ್ಟೀಮ್ ಮಷೀನ್ ಘೋಷಿಸಿತು. ಶೇ 3 ಎಂಬುದು ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ ಲಿನಕ್ಸಿನಲ್ಲಿ ಆಟವಾಡುತ್ತೇನೆ ಎಂದರೆ ಜನ ನಗುತ್ತಿದ್ದ ಕಾಲದಿಂದ ನೋಡುತ್ತ ಬಂದವನು ನಾನು.

ನನ್ನ ಯಂತ್ರದಲ್ಲಿ ಸ್ಟಾರ್‌ಡ್ಯೂ ವ್ಯಾಲಿ, ಸೆಲೆಸ್ಟ್, ಪೋರ್ಟಲ್ 2 ನೀರು ಕುಡಿದಷ್ಟು ಸಲೀಸು. ಏಳು ವರ್ಷದ ಹತ್ತಿರ ಕಾಯಿಸಿ 2025ರ ಸೆಪ್ಟೆಂಬರ್ 4ರಂದು ಬಂದ, ಬಂದ ದಿನವೇ ಆನ್‌ಲೈನ್ ಅಂಗಡಿಗಳನ್ನೆಲ್ಲ ಮಲಗಿಸಿದ ಹಾಲೋ ನೈಟ್: ಸಿಲ್ಕ್‌ಸಾಂಗ್ ಕೂಡ, ಚಿತ್ರದ ಗುಣಮಟ್ಟ ಇಳಿಸಿಕೊಂಡರೆ, ಚೆನ್ನಾಗಿಯೇ ಓಡುತ್ತದೆ. 20 ಡಾಲರಿನ ಈ ಆಟದಲ್ಲಿ ಸತ್ತು ಸತ್ತು ಕಳೆಯುವ ಸಂಜೆಗಳ ಸುಖವನ್ನು, ಅಮೆರಿಕದಲ್ಲಿ 2025ರಲ್ಲಿ ಒಮ್ಮೆಲೇ ತಿಂಗಳಿಗೆ 19.99ರಿಂದ 29.99 ಡಾಲರ್‌ಗೆ ಏರಿದ, ಮೈಕ್ರೊಸಾಫ್ಟ್‌ನ ಗೇಮ್ ಪಾಸ್ ಅಲ್ಟಿಮೇಟ್ ಚಂದಾದ ಆಟಗಳ ರಾಶಿ ನನಗೆ ಕೊಡಲಾರದು. ದೊಡ್ಡ ಬಜೆಟ್ಟಿನ ಹೊಸ ಆಟಗಳು 2 ಜಿಬಿ ಗ್ರಾಫಿಕ್ಸ್ ಮೆಮೊರಿಯಲ್ಲಿ ಉಸಿರೆತ್ತುವುದಿಲ್ಲ, ಬಿಡಿ. ಅದಕ್ಕೆ ಲಿನಕ್ಸ್ ಹೊಣೆಯಲ್ಲ. ಒಂದು ಕಿವಿಮಾತು: ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಆಟ ತಾನಾಗಿಯೇ ಎನ್‌ವಿಡಿಯಾಕ್ಕೆ ಹೋಗುತ್ತದೆ ಎಂದು ನಂಬಬೇಡಿ. ಮಿಂಟ್‌ನಲ್ಲಿ ಆಟದ ಮೇಲೆ ಬಲ ಕ್ಲಿಕ್ ಮಾಡಿ ಪ್ರತ್ಯೇಕ ಗ್ರಾಫಿಕ್ಸಿನಲ್ಲೇ ಓಡಿಸು ಎಂದು ಹೇಳಬೇಕು.

ಈಗಿನ ಸ್ಥಿತಿ ಹೀಗಿದೆ. ಮೊದಲು ಚಾಲೂ ಮಾಡಿ ಕಾಫಿ ಮಾಡಿಕೊಂಡು ಬರುವಷ್ಟು ಹೊತ್ತು ಹಿಡಿಯುತ್ತಿದ್ದ ಯಂತ್ರ ಈಗ ಕುರ್ಚಿ ಎಳೆದುಕೊಳ್ಳುವುದರೊಳಗೆ ಸಿದ್ಧ. ಬೆರಳಚ್ಚು ಗುರುತಿಸುವ ಭಾಗಕ್ಕೆ ಡ್ರೈವರ್ ಸಿಗಲಿಲ್ಲ, ಪಾಸ್‌ವರ್ಡ್ ಹೊಡೆಯುತ್ತೇನೆ. ಮುಚ್ಚಳ ಮುಚ್ಚಿ ಮಲಗಿಸಿದರೆ ಒಮ್ಮೊಮ್ಮೆ ಏಳಲು ಸತಾಯಿಸುತ್ತದೆ. ಎನ್‌ವಿಡಿಯಾ ಕಂಪನಿ ಈ ತಲೆಮಾರಿನ ಗ್ರಾಫಿಕ್ಸಿಗೆ 580ನೇ ಸರಣಿಯ ಡ್ರೈವರೇ ಕೊನೆ ಎಂದಿದೆ, ಹಾಗಾಗಿ ಅಲ್ಲಿಯೂ ಒಂದು ನೋಟಿಸ್ ಬಂದಾಯಿತು. ಮುಕ್ತ ಡ್ರೈವರ್ ಇದೆ, ಆದರೆ ಅದರಲ್ಲಿ ಆಟ ಕುಂಟುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕವಚಕ್ಕೆ ಹಾಕಿ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ. ಬ್ಯಾಟರಿ ಒಂದು ಗಂಟೆಗೆ ಕೈ ಎತ್ತುತ್ತದೆ. ಮುಂದಿನ ಸಲ ಎಸ್‌ಪಿ ರೋಡಿಗೆ ಹೋಗುವುದು ಅದಕ್ಕಾಗಿ. ಅಕ್ಕನ ಮಗನನ್ನೂ ಕರೆದಿದ್ದೇನೆ, ಅವನ ಕಂಪ್ಯೂಟರಿನ ಫ್ಯಾನ್ ಈಚೆಗೆ ವಿಮಾನದ ಸದ್ದು ಮಾಡುತ್ತಿದೆಯಂತೆ.